ನಮ್ಮದೇ ರಾಜಧಾನಿಯಲ್ಲಿ ಪರದೇಶಿ



ಪರದೇಶದಲ್ಲಿ ಬಾಳಬೇಕಾದರೆ ಪಾಸ್‌ಪೋರ್ಟ್ ಬೇಕು, ವಿಮಾನ ಹತ್ತಬೇಕು ಎಂದು ನಾವೆಲ್ಲ ತಿಳಿದಿದ್ದೇವೆ. ನನಗೆ ಅದೊಂದೂ ಬೇಕಾಗಲಿಲ್ಲ. ಸಂಜೆ ಕಾಸರಗೋಡಿನಲ್ಲಿ ರೈಲು ಹತ್ತಿ ಬೆಳಗಿನ ಜಾವ ಎರ್ನಾಕುಳಂನಲ್ಲಿ ಇಳಿದೆ, ಅಷ್ಟೇ.

2025ರ ಬೇಸಗೆಯಲ್ಲಿ ಎರಡು ತಿಂಗಳು ಕೊಚ್ಚಿಯಲ್ಲಿದ್ದೆ. ಸೋದರಮಾವ ಅಲ್ಲಿ ಒಂದು ಹೋಟೆಲಿನ ಕ್ಯಾಶಿಯರ್. "ಬಿ.ಕಾಂ. ಓದುವವ ನೀನು, ಲೆಕ್ಕ ಬರೆಯಲಿಕ್ಕಾದರೂ ಕಲಿ, ಬಾ ಮಾರಾಯ" ಎಂದು ಕರೆಸಿಕೊಂಡರು. ಮೊದಲ ದಿನವೇ ಒಬ್ಬ ಗಿರಾಕಿ ಕೇಳಿದರು: "ನಾಡ್ ಎವಿಡೆಯಾ?" ಊರು ಎಲ್ಲಿ ಅಂತ. "ಕಾಸರಗೋಡು" ಅಂದೆ. "ಕೇರಳದವನೇ ಆಗಿ ನಿನ್ನ ಮಲಯಾಳ ಹೀಗೆ ಯಾಕೆ?" ಎಂದು ನಕ್ಕರು. ಶಾಲೆಯಲ್ಲಿ ಕನ್ನಡ, ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ತುಳು, ನನ್ನ ಮಲಯಾಳ ಬಸ್‌ಸ್ಟ್ಯಾಂಡಿನಲ್ಲಿ ಕಲಿತದ್ದು ಎಂದು ಚಹಾ ಕುಡಿಯುವವರಿಗೆ ಹೇಗೆ ವಿವರಿಸುವುದು?

ಮರುದಿನ ಇನ್ನೊಬ್ಬರು ಕೇಳಿದಾಗ "ಮಂಗಳೂರು" ಅಂದುಬಿಟ್ಟೆ. "ಅಬ್ಬ, ಮಂಗಳೂರಿನವನಾದರೂ ಎಷ್ಟು ಚಂದ ಮಲಯಾಳ ಮಾತಾಡ್ತೀಯಲ್ಲ!" ಎಂದು ಬೆನ್ನು ತಟ್ಟಿದರು. ಅದೇ ನಾನು, ಅದೇ ಮಲಯಾಳ. ಊರಿನ ಹೆಸರು ಬದಲಾದ ಕೂಡಲೇ ಬೈಗುಳ ಹೋಗಿ ಹೊಗಳಿಕೆ ಬಂತು. ಆಮೇಲೆ ನಾನು ಮಂಗಳೂರಿನವನಾಗಿಯೇ ಉಳಿದೆ. ಇದನ್ನು ಬರೆಯಲು ನಾಚಿಕೆಯಾಗ್ತದೆ.

ನಮ್ಮ ಕೋಣೆಯ ಮೇಲಂತಸ್ತಿನಲ್ಲಿ ಒಡಿಶಾ, ಬಂಗಾಳದ ಹುಡುಗರಿದ್ದರು. ಕೇರಳ ಸರಕಾರ ಅಂಥವರನ್ನು "ಅತಿಥಿ ತೊಳಿಲಾಳಿ", ಅಂದರೆ ಅತಿಥಿ ಕಾರ್ಮಿಕರು ಎಂದು ಕರೆಯುತ್ತದೆ. ಹೆಸರಿನಿಂದ ಅವರ ಕಷ್ಟವೇನೂ ಕಡಿಮೆಯಾಗಿಲ್ಲ ಎಂಬುದು ಬೇರೆ ಮಾತು. ಆದರೆ ನಾವು ಯಾರು? 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಚಂದ್ರಗಿರಿ ಹೊಳೆಯಿಂದ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕೆಂದು 1967ರಲ್ಲಿ ಮಹಾಜನ ಆಯೋಗ ಹೇಳಿದರೂ ಅದು ಕಾಗದದಲ್ಲೇ ಉಳಿಯಿತು. ಹಾಗಾಗಿ ಕೊಚ್ಚಿಯಲ್ಲಿ ನಾವು ಅತಿಥಿಗಳೂ ಅಲ್ಲ, ಮನೆಯವರೂ ಅಲ್ಲ.

ಇನ್ನು ರಾಜಧಾನಿಯ ಕಥೆ. ವಿದ್ಯಾರ್ಥಿವೇತನದ ವಿಷಯಕ್ಕಾಗಿ ಕೊಚ್ಚಿಯಿಂದಲೇ ಒಂದು ದಿನ ತಿರುವನಂತಪುರಕ್ಕೆ ಹೋದೆ. ಅಲ್ಲಿಯ ಒಂದು ಕಚೇರಿಯಲ್ಲಿ ನನ್ನ ಅರ್ಜಿಯನ್ನು ತಿರುಗಿಸಿ ತಿರುಗಿಸಿ ನೋಡಿದ ಗುಮಾಸ್ತರು "ಇದು ತೆಲುಗಾ?" ಎಂದರು. ಕನ್ನಡ ಅಂದೆ. "ಮಲಯಾಳದಲ್ಲಿ ಬರೆಸಿಕೊಂಡು ಬಾ." ನಾನು ಏನು ಹೇಳಿದೆ ಗೊತ್ತುಂಟಾ? "ಸಾರಿ ಸಾರ್" ಅಂದೆ. ಹೊರಗೆ ಬಂದು ದುಡ್ಡು ಕೊಟ್ಟು ಬರೆಸಿದೆ. ಅಮ್ಮನ ಭಾಷೆಯಲ್ಲಿ ಅರ್ಜಿ ಬರೆದದ್ದಕ್ಕೆ ಕ್ಷಮೆ ಕೇಳಿದೆನಲ್ಲ ಎಂದು ರಾತ್ರಿ ರೈಲಿನಲ್ಲಿ ನಿದ್ದೆ ಬರಲಿಲ್ಲ.

ಕೊಚ್ಚಿಗೆ ಮರಳಿದ ಮೇಲೆ ಒಂದು ಭಾನುವಾರ ಬೋಟು ಹತ್ತಿ ಮಟ್ಟಾಂಚೇರಿಗೆ ಹೋದೆ. ಅಲ್ಲಿ 1568ರಲ್ಲಿ ಕಟ್ಟಿದ ಯಹೂದ್ಯರ ಪ್ರಾರ್ಥನಾಮಂದಿರ ಉಂಟು. ಅದರ ಹೆಸರೇ ಪರದೇಶಿ ಸಿನಗಾಗ್! ನಾಲ್ಕೂವರೆ ಶತಮಾನ ಕಳೆದರೂ ಆ ಹೆಸರು ಹೋಗಿಲ್ಲ. ಹತ್ತಿರದ ಚೆರಳಾಯಿಯಲ್ಲಿ ಕೊಂಕಣಿಗರ ತಿರುಮಲ ದೇವಸ್ಥಾನ, ಸುತ್ತ ಅವರ ಮನೆಗಳು. ಒಂದು ಅಂಗಡಿಯಲ್ಲಿ ವಯಸ್ಸಾದ ಮಾಮ ಊರು ಕೇಳಿದರು. ರೂಢಿಯಂತೆ "ಮಂಗಳೂರು" ಅಂದೆ. "ಮಂಗಳೂರಿನಲ್ಲಿ ಎಲ್ಲಿ, ಕಾರ್‌ಸ್ಟ್ರೀಟಾ?" ಸಿಕ್ಕಿಬಿದ್ದೆ. ನಿಜ ಹೇಳಿದೆ. ಮಾಮ ನಕ್ಕರು. "ಅದನ್ನೆಂತಕ್ಕೆ ಮುಚ್ಚಿಡುವುದು ಮಗಾ? ನಮ್ಮವರು ಗೋವಾ ಬಿಟ್ಟು ನಾನೂರು ವರ್ಷ ದಾಟಿತು. ರಸ್ತೆಯಲ್ಲಿ ಮಲಯಾಳ, ಮನೆಯಲ್ಲಿ ಕೊಂಕಣಿ. ಕೇಳಿದವರಿಗೆ ಹೇಳ್ತೇವೆ."

ಆ ಮಾತು ಸುಮ್ಮನೆ ಆಡಿದ್ದಲ್ಲ. ಡಚ್ಚರ ಕೊಚ್ಚಿಯಲ್ಲಿ ಮಲಬಾರಿನ ಗಿಡಮೂಲಿಕೆಗಳ ಬಗ್ಗೆ ತಯಾರಾದ 'ಹೊರ್ಟಸ್ ಮಲಬಾರಿಕಸ್' ಎಂಬ ಗ್ರಂಥದ ಮೊದಲ ಸಂಪುಟ 1678ರಲ್ಲಿ ಆಮ್‌ಸ್ಟರ್‌ಡಾಮಿನಲ್ಲಿ ಅಚ್ಚಾಯಿತು. ಅದಕ್ಕೆ ನೆರವಾದ ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟ ಎಂಬ ಮೂವರು ಕೊಂಕಣಿ ವೈದ್ಯರು ಕೊಟ್ಟ ಪ್ರಮಾಣಪತ್ರ ಅದರಲ್ಲಿ ನಾಗರಿ ಲಿಪಿಯ ಕೊಂಕಣಿಯಲ್ಲೇ ಇದೆ. ವಲಸೆ ಬಂದವರ ಮಕ್ಕಳು ಪರರಾಜ್ಯದಲ್ಲಿ, ಡಚ್ಚರ ಮುಂದೆ ತಮ್ಮ ಭಾಷೆಯಲ್ಲಿ ಬರೆದರು. ವಲಸೆಯೇ ಬಾರದ ನಾನು ನನ್ನದೇ ರಾಜ್ಯದಲ್ಲಿ "ಸಾರಿ" ಅಂದೆ.

ಊರಿಗೆ ಬಂದ ಮೇಲೆ ನಮ್ಮ ಕನ್ನಡ ಮೇಷ್ಟ್ರಿಂದ ಒಂದು ವಿಷಯ ತಿಳಿಯಿತು. ಕನ್ನಡ, ತಮಿಳು ಅಲ್ಪಸಂಖ್ಯಾತರು ಸೆಕ್ರೆಟೇರಿಯಟ್‌ಗೂ ಇಲಾಖೆಗಳ ಮುಖ್ಯ ಕಚೇರಿಗಳಿಗೂ ತಮ್ಮ ಪ್ರದೇಶದ ಸರಕಾರಿ ಕಚೇರಿಗಳಿಗೂ ತಮ್ಮ ಭಾಷೆಯಲ್ಲೇ ಬರೆಯಬಹುದು, ಉತ್ತರವೂ ಅದೇ ಭಾಷೆಯಲ್ಲಿ ಬರಬೇಕು ಎಂದು 1969ರ ಕೇರಳ ಅಧಿಕೃತ ಭಾಷಾ ಕಾಯಿದೆಯಲ್ಲೇ ಬರೆದಿಟ್ಟರು. ಮಿತ್ರರೇ, ನಮ್ಮಲ್ಲಿ ಎಷ್ಟು ಜನ ಹಾಗೆ ಬರೆದಿದ್ದೇವೆ? ವಾಣಿಜ್ಯದ ವಿದ್ಯಾರ್ಥಿಯಾಗಿ ಹೇಳುತ್ತೇನೆ: ಕೊಟ್ಟ ಸಾಲವನ್ನು ಮೂರು ವರ್ಷ ಕೇಳದೆ ಬಿಟ್ಟರೆ ಕೋರ್ಟಿನಲ್ಲೂ ವಸೂಲಾಗುವುದು ಕಷ್ಟ. ಕೇಳದ ಹಕ್ಕಿನ ಗತಿಯೂ ಅದೇ.

ಕೆಲವು ಗೆಳೆಯರು "ಮಲಯಾಳ ಕಲಿತರೆ ಕನ್ನಡ ಹೋಗ್ತದೆ" ಅನ್ನುತ್ತಾರೆ. ಹೋಗುವುದಿಲ್ಲ, ಚೆರಳಾಯಿಯ ಮಾಮನೇ ಸಾಕ್ಷಿ. ಇನ್ನು ಕೆಲವರು "ಮಲಯಾಳ ಕಲಿತು ಸುಮ್ಮನಿರಿ, ಕನ್ನಡದ ಅರ್ಜಿ ಎಲ್ಲ ಯಾಕೆ?" ಅನ್ನುತ್ತಾರೆ. ನಾಳೆ ಕನ್ನಡ ಓದಬಲ್ಲ ಗುಮಾಸ್ತರು ಬೇಕೇ ಎಂದು ಕೇಳಿದರೆ, ಅರ್ಜಿಯೇ ಬರುವುದಿಲ್ಲವಲ್ಲ ಎಂಬ ಉತ್ತರ ಅವರ ಕೈಯಲ್ಲಿ ಸಿದ್ಧವಿರ್ತದೆ. ಆ ಉತ್ತರವನ್ನು ನಾವೇ ಕೊಡುವುದು ಬೇಡ.

ಆದ್ದರಿಂದ ನನ್ನದೊಂದು ಸಲಹೆ. ನಮ್ಮ ಸಂಘ ಕವಿಗೋಷ್ಠಿಯ ಜೊತೆಗೆ ತಿಂಗಳಿಗೊಂದು ಶನಿವಾರ ಕನ್ನಡದಲ್ಲಿ ಅರ್ಜಿ ಬರೆಯುವ ಕೆಲಸಕ್ಕೆ ಕುಳಿತುಕೊಳ್ಳಲಿ. ಬಂದ ಉತ್ತರಗಳನ್ನು, ಬಾರದಿದ್ದರೆ ಬಾರದವುಗಳ ಪಟ್ಟಿಯನ್ನು, ನೋಟೀಸು ಬೋರ್ಡಿಗೆ ಹಚ್ಚೋಣ.

ಮುಂದಿನ ರಜೆಗೂ ಮಾವ ಕರೆದಿದ್ದಾರೆ. ಊರು ಕೇಳಿದರೆ ಕಾಸರಗೋಡು ಅಂತಲೇ ಹೇಳುವೆ. ನಗುವವರು ನಗಲಿ. ಅಷ್ಟರೊಳಗೆ ಮಲಯಾಳವನ್ನೂ ಸ್ವಲ್ಪ ತಿದ್ದಿಕೊಳ್ಳಬೇಕು.