ಪೆನ್‌ಡ್ರೈವ್ ಬಿಡಿ, ನೆಟ್‌ವರ್ಕ್‌ನಿಂದ ಬೂಟ್ ಮಾಡಿ

ಲ್ಯಾಬ್‌ನಲ್ಲಿ 60 ಸಿಸ್ಟಮ್ ಇದ್ರೆ, ಲಿನಕ್ಸ್ ಹಾಕೋಕೆ ಪೆನ್‌ಡ್ರೈವ್ ಹಿಡ್ಕೊಂಡು 60 ಸಲ ಕೂರಬೇಕಾ? ಬೇಡ. ನೆಟ್‌ವರ್ಕ್‌ನಿಂದಲೇ ಬೂಟ್ ಮಾಡೋ ಪಿಎಕ್ಸ್‌ಇ 2.1 ಸ್ಪೆಸಿಫಿಕೇಶನ್ ಅನ್ನು ಇಂಟೆಲ್ 1999ರಲ್ಲೇ ಪ್ರಕಟಿಸಿದೆ.

ನಡೆಯೋದು ಇಷ್ಟೇ. ಆನ್ ಆದ ಸಿಸ್ಟಮ್ ವಿಳಾಸ ಕೇಳತ್ತೆ. ಡಿಎಚ್‌ಸಿಪಿ ಸರ್ವರ್ ಐಪಿ ಜೊತೆಗೆ ಬೂಟ್ ಫೈಲ್ ಎಲ್ಲಿದೆ ಅಂತಲೂ ಹೇಳತ್ತೆ. ಟಿಎಫ್‌ಟಿಪಿ ಮೂಲಕ ಬೂಟ್‌ಲೋಡರ್, ಆಮೇಲೆ ಕರ್ನಲ್ ಬರುತ್ತವೆ. ಭಾಷೆ, ಪಾರ್ಟಿಷನ್, ಪಾಸ್‌ವರ್ಡ್ ಪ್ರಶ್ನೆಗಳಿಗೆ ಡೆಬಿಯನ್‌ನಲ್ಲಿ ಪ್ರಿಸೀಡ್ ಫೈಲೇ ಉತ್ತರ ಕೊಡತ್ತೆ. ಸರ್ವರ್ ಕಡೆ ಡಿಎಚ್‌ಸಿಪಿ, ಟಿಎಫ್‌ಟಿಪಿ ಎರಡನ್ನೂ ಡಿಎನ್‌ಎಸ್‌ಮಾಸ್ಕ್ ಒಂದೇ ನೋಡ್ಕೊಳ್ಳತ್ತೆ.

ಆದ್ರೆ ನನ್ನ ವಾದ ಟೈಮ್ ಉಳಿಸೋದರ ಬಗ್ಗೆ ಅಲ್ಲ. ಡಿಎಚ್‌ಸಿಪಿ ಬಗ್ಗೆ ಎಕ್ಸಾಮ್‌ನಲ್ಲಿ ಎರಡು ಪುಟ ಬರೀತೀವಿ. ಅದು ಕೆಲಸ ಮಾಡೋದನ್ನ ಎಷ್ಟು ಜನ ಕಣ್ಣಾರೆ ನೋಡಿದ್ದೀವಿ? ಬೂಟ್ ಫೈಲ್ ಸಿಗದೆ ಟೈಮ್‌ಔಟ್ ಬಂದಾಗ, ಸರ್ವರ್‌ನಲ್ಲಿ ವೈರ್‌ಶಾರ್ಕ್ ತೆರೆದು ಯಾವ ಪ್ಯಾಕೆಟ್ ಬಂತು, ಯಾವುದು ಬರಲಿಲ್ಲ ಅಂತ ಹುಡುಕೋದೇ ನಿಜವಾದ ಪಾಠ.

ವಿದ್ಯಾರ್ಥಿಗಳ ಕೈಗೆ ಕೊಟ್ರೆ ಕ್ಯಾಂಪಸ್ ನೆಟ್‌ವರ್ಕ್ ಕೆಡತ್ತೆ ಅನ್ನೋ ಭಯ ಸುಳ್ಳಲ್ಲ. ಅಲ್ಲಿ ಎರಡನೇ ಡಿಎಚ್‌ಸಿಪಿ ಸರ್ವರ್ ಎದ್ದರೆ ಬೇರೆಯವರಿಗೂ ತಪ್ಪು ವಿಳಾಸ ಹೋಗಬಹುದು. ಅದಕ್ಕೆ ಕ್ಯಾಂಪಸ್‌ಗೆ ಜೋಡಿಸದ ಪ್ರತ್ಯೇಕ ಸ್ವಿಚ್ ಇಟ್ಟುಕೊಂಡರಾಯ್ತು. ಒಂದು ಹಳೇ ಸಿಸ್ಟಮ್, ಒಂದು ಸ್ವಿಚ್, ನಾಲ್ಕು ಕೇಬಲ್ ಇದ್ರೆ ಪ್ರಯೋಗ ಶುರು ಮಾಡಬಹುದು. ಮುಂದಿನ ಸೆಮಿಸ್ಟರ್‌ಗೆ ಲ್ಯಾಬ್ ಸಿದ್ಧ ಮಾಡೋ ಕೆಲಸ ನಮಗೇ ಕೊಡಿ ಅಂತ ಎಚ್‌ಒಡಿ ಹತ್ರ ಕೇಳೋಣ.