ಬರದ ಕೊಯ್ಲು, ಗಂಟೆಯ ಬಾಡಿಗೆ

ನಂಜನಗೂಡು, ತಿ. ನರಸೀಪುರದ ಕಬಿನಿ ಅಚ್ಚುಕಟ್ಟಿನಲ್ಲಿ ಭತ್ತದ ಕೊಯ್ಲು ಯಂತ್ರಕ್ಕೆ ಬಾಡಿಗೆ ಗಂಟೆಯ ಲೆಕ್ಕದಲ್ಲಿ. ಬರ ಬಂದರೆ ಕೊಯ್ಯುವ ಗದ್ದೆ ಕಡಿಮೆಯಾಗುತ್ತದೆ. ಯಂತ್ರದ ಮಾಲೀಕನ ಸಾಲದ ಕಂತು ಕಡಿಮೆಯಾಗದು. ದರ ಇಳಿಸುವುದು ಅವನಿಗೂ ಕಷ್ಟವೇ. ಪೈರು ತೆಳುವಾದರೂ ಯಂತ್ರ ಅಷ್ಟೇ ನೆಲ ಸುತ್ತಬೇಕು. ಹೀಗಾಗಿ ಕ್ವಿಂಟಲ್‌ಗೆ ಬೀಳುವ ವೆಚ್ಚ ಏರುತ್ತದೆ.

ಇದಕ್ಕಿಂತ ದೊಡ್ಡ ನಷ್ಟ ಹುಲ್ಲಿನದು. ಬುಡಕ್ಕೆ ಕೊಯ್ದರೆ ಮೇವು ಹೆಚ್ಚು ದಕ್ಕುತ್ತದೆ. ಆದರೆ ಯಂತ್ರ ನಿಧಾನವಾಗಿ ಬಾಡಿಗೆ ಬೆಳೆಯುತ್ತದೆ. ಮೇವು ಅತ್ಯಗತ್ಯವಾದ ವರ್ಷದಲ್ಲೇ ರೈತ ಮೇಲೆ ಕೊಯ್ಯಿಸಿ ಹಣ ಉಳಿಸಬೇಕಾಗುತ್ತದೆ.

2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿತವಾದವು. ಅಂಥ ವರ್ಷಗಳಲ್ಲಿ ಮೇವು ಬ್ಯಾಂಕ್‌ಗೆ ವ್ಯಯಿಸುವ ಹಣದ ಒಂದು ಪಾಲು, ಕೃಷಿ ಯಂತ್ರಧಾರೆ ಕೇಂದ್ರಗಳ ಮೂಲಕ ಬುಡಕೊಯ್ಲಿನ ಹೆಚ್ಚುವರಿ ಸಮಯಕ್ಕೆ ಸಹಾಯಧನವಾಗಲಿ ಎಂಬುದು ಆಡಳಿತದಲ್ಲಿದ್ದ ನನ್ನ ಅಭಿಮತ. ಮೇವನ್ನು ದೂರದಿಂದ ತರಿಸುವ ಮುನ್ನ ಗದ್ದೆಯಲ್ಲಿರುವುದನ್ನು ಉಳಿಸಿಕೊಳ್ಳುವುದು ವಿವೇಕ.