ಕಾವಲಿನ ಅಳತೆ

ದೊಡ್ಡ ಸಂಸ್ಥೆಗಳಲ್ಲಿ ಗಣಕವ್ಯವಸ್ಥೆಯ ರಕ್ಷಣೆಗೆ ನಿಯುಕ್ತವಾದ ತಂಡವು ಮಾಸಾಂತ್ಯದಲ್ಲಿ ಆಡಳಿತ ಮಂಡಲಿಯ ಮುಂದಿಡುವ ವರದಿಯನ್ನು ಬಿಡಿಸಿ ನೋಡಿದರೆ, ಫೈರ್‌ವಾಲ್ ಹಿಂದಟ್ಟಿದ ಸಂಪರ್ಕಗಳು ಇಷ್ಟು ಲಕ್ಷ, ಹಿಡಿದ ವೈರಸ್ಸುಗಳು ಇಷ್ಟು ಸಾವಿರ, ಮುಚ್ಚಿದ ಟಿಕೆಟ್ಟುಗಳು ಇಷ್ಟು, ತರಬೇತಿಗೆ ಹಾಜರಾದ ನೌಕರರು ಶೇಕಡ ಇಷ್ಟು ಎಂಬ ಅಂಕಿಗಳು ಹಸಿರು, ಹಳದಿ, ಕೆಂಪು ಚೌಕಗಳಲ್ಲಿ ಸಾಲಾಗಿ ನಿಂತಿರುವುದು ಕಾಣುತ್ತದೆ. ಈ ಅಂಕಿಗಳಲ್ಲಿ ಸುಳ್ಳಿಲ್ಲ. ಅವುಗಳ ಹಿಂದೆ ನಿದ್ದೆಗೆಟ್ಟ ಜನರ ಪ್ರಾಮಾಣಿಕ ಪರಿಶ್ರಮವೂ ಉಂಟು. ಆದರೆ ಈ ಗಳಿಗೆಯಲ್ಲಿ ಪರರಾರಾದರೂ ನಮ್ಮ ವ್ಯವಸ್ಥೆಯೊಳಗೆ ನುಸುಳಿದ್ದರೆ ಅದು ನಮಗೆ ತಿಳಿಯಲು ಎಷ್ಟು ಹೊತ್ತು ಹಿಡಿದೀತು, ತಿಳಿದ ಮೇಲೆ ಅವರನ್ನು ಹೊರದೂಡಲು ಎಷ್ಟು ಹೊತ್ತು ಬೇಕಾದೀತು, ಅವರು ಎಲ್ಲವನ್ನೂ ಹಾಳುಗೆಡವಿ ಹೋದ ಪಕ್ಷದಲ್ಲಿ ನಿತ್ಯದ ಕೆಲಸವನ್ನು ಮತ್ತೆ ನಡೆಸಲು ಎಷ್ಟು ದಿನ ಕಾಯಬೇಕಾದೀತು ಎಂಬ ಪ್ರಶ್ನೆಗಳಿಗೆ ಆ ವರದಿಯ ಯಾವ ಪುಟದಲ್ಲಿಯೂ ಉತ್ತರ ದೊರೆಯುವುದಿಲ್ಲ. ಸುರಕ್ಷಾ ತಂಡಕ್ಕೆ ಗುರಿಗಳನ್ನು ಗೊತ್ತುಪಡಿಸುವವರು ಅದರ ದುಡಿಮೆಯನ್ನು ಎಣಿಸುವುದನ್ನು ಬಿಟ್ಟು, ಅಪಾಯಕ್ಕೆ ದಾರಿ ತೆರೆದಿದ್ದ ಕಾಲವನ್ನು ಅಳೆಯತಕ್ಕದ್ದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ನಮ್ಮ ಬೆಂಗಳೂರಿಗೂ ಸಂಬಂಧವುಳ್ಳ ಒಂದು ದೃಷ್ಟಾಂತದಿಂದ ಈ ವಿಷಯವನ್ನು ಪ್ರವೇಶಿಸಬಹುದು. ಅಮೆರಿಕದ ಟಾರ್ಗೆಟ್ ಎಂಬ ಚಿಲ್ಲರೆ ವ್ಯಾಪಾರ ಸಂಸ್ಥೆಯ ಜಾಲದೊಳಕ್ಕೆ, ಅದರ ಮಳಿಗೆಗಳಲ್ಲಿ ಶೀತಲೀಕರಣದ ಕೆಲಸ ಮಾಡುತ್ತಿದ್ದ ಗುತ್ತಿಗೆದಾರರೊಬ್ಬರಿಂದ ಅಪಹರಿಸಿದ ಲಾಗಿನ್ ಬಳಸಿಕೊಂಡು, 2013ರ ನವೆಂಬರ್ 12ರಂದು ಕಳ್ಳರು ಪ್ರವೇಶಿಸಿದರು. ಗಿರಾಕಿಗಳು ಬಿಲ್ಲಿನ ಹಣ ತೆರಲು ಕಾರ್ಡನ್ನು ಉಜ್ಜಿದ ಕ್ಷಣದಲ್ಲಿಯೇ ಅದರ ಸಂಖ್ಯೆಯನ್ನು ನಕಲು ಮಾಡಿಕೊಳ್ಳುವ ತಂತ್ರಾಂಶವನ್ನು ಅವರು ಮಳಿಗೆಗಳ ಯಂತ್ರಗಳಲ್ಲಿ ಹೂಡಿದರು. ಸಂಸ್ಥೆಯೇನೂ ಅಜಾಗರೂಕತೆಯಿಂದ ಮಲಗಿರಲಿಲ್ಲ. ಇಂಥ ತಂತ್ರಾಂಶವನ್ನು ಪತ್ತೆಹಚ್ಚಲೆಂದೇ ಸುಮಾರು 16 ಲಕ್ಷ ಡಾಲರ್ ವೆಚ್ಚದಲ್ಲಿ ಒಂದು ವ್ಯವಸ್ಥೆಯನ್ನು ಅದು ಕೆಲವೇ ತಿಂಗಳ ಹಿಂದೆ ಕೊಂಡಿತ್ತು. ಅದನ್ನು ಹಗಲಿರುಳು ನೋಡಿಕೊಳ್ಳುವುದಕ್ಕೆ ಬೆಂಗಳೂರಿನಲ್ಲಿ ಒಂದು ತಂಡವನ್ನೂ ಕೂರಿಸಿತ್ತು. ಕದ್ದ ಮಾಹಿತಿಯನ್ನು ಹೊರಗೆ ಸಾಗಿಸುವ ಏರ್ಪಾಡನ್ನು ಕಳ್ಳರು ನವೆಂಬರ್ 30ರಂದು ಅಣಿಗೊಳಿಸಿದಾಗ ವ್ಯವಸ್ಥೆ ಎಚ್ಚರಿಕೆ ಕೊಟ್ಟಿತು. ಬೆಂಗಳೂರಿನವರು ಅದನ್ನು ಕಂಡರು. ಕಂಡದ್ದನ್ನು ಮಿನಿಯಾಪೊಲಿಸ್ ನಗರದ ಪ್ರಧಾನ ಕಚೇರಿಯ ಸುರಕ್ಷಾ ವಿಭಾಗಕ್ಕೆ ತಿಳಿಸಿದರು. ಅಲ್ಲಿಂದಾಚೆಗೆ ಏನೂ ನಡೆಯಲಿಲ್ಲವೆಂದು 2014ರ ಮಾರ್ಚ್ ತಿಂಗಳಲ್ಲಿ ಬ್ಲೂಮ್‌ಬರ್ಗ್ ವಾರಪತ್ರಿಕೆ ಬಯಲಿಗಿಟ್ಟಿತು. ಮಾಹಿತಿ ಹೊರಗೆ ಹರಿಯತೊಡಗಿದ್ದು ಡಿಸೆಂಬರ್ 2ರಂದು. ಎಂದರೆ ಎಚ್ಚರಿಕೆಗೂ ನಷ್ಟಕ್ಕೂ ನಡುವೆ ಸುಮಾರು ಎರಡು ದಿನಗಳ ಬಿಡುವಿತ್ತು, ಬಾಗಿಲು ಮುಚ್ಚಬಹುದಾಗಿತ್ತು, ಮುಚ್ಚಲಿಲ್ಲ. ಡಿಸೆಂಬರ್ 12ರಂದು ಅಮೆರಿಕದ ನ್ಯಾಯ ಇಲಾಖೆ ಹೊರಗಿನಿಂದ ಬಂದು ತಿಳಿಸುವವರೆಗೆ ಸಂಸ್ಥೆಗೆ ತನ್ನ ಮನೆಯ ಸ್ಥಿತಿ ಗೋಚರವಾಗಲೇ ಇಲ್ಲ. ಆ ಹೊತ್ತಿಗೆ ಸುಮಾರು 4 ಕೋಟಿ ಕಾರ್ಡುಗಳ ವಿವರ ಪರರ ಪಾಲಾಗಿತ್ತು.

ಈ ಪ್ರಸಂಗವನ್ನು ಗುರಿಗಳ ದೃಷ್ಟಿಯಿಂದ ಪರಾಮರ್ಶಿಸೋಣ. ಎಚ್ಚರಿಕೆ ಬಂದ ಇಷ್ಟು ನಿಮಿಷದೊಳಗೆ ಮೇಲಿನವರಿಗೆ ತಿಳಿಸತಕ್ಕದ್ದು ಎಂಬ ಗುರಿಯಿಂದ ಬೆಂಗಳೂರಿನ ತಂಡವನ್ನು ಅಳೆದಿದ್ದರೆ, ಆ ತಿಂಗಳ ವರದಿಯಲ್ಲಿ ಅವರ ಚೌಕ ಹಸಿರಾಗಿಯೇ ಇರುತ್ತಿತ್ತು. ಸಂಸ್ಥೆಯ ಚರಿತ್ರೆಯಲ್ಲಿಯೇ ಅತಿ ದೊಡ್ಡ ಕಳವು ನಡೆದ ತಿಂಗಳಲ್ಲಿ ಹಸಿರು ತೋರಿಸಬಲ್ಲ ಅಳತೆಯನ್ನು ಅಳತೆಯೆಂದು ಕರೆಯಲಾಗದು. ಕೆರೆಯ ನೀರುಗಂಟಿ ತೂಬನ್ನು ಎಷ್ಟು ಸಲ ಎತ್ತಿದನೆಂದು ಊರವರು ಯಾವ ಕಾಲಕ್ಕೂ ಲೆಕ್ಕವಿಡಲಿಲ್ಲ. ಅಚ್ಚುಕಟ್ಟಿನ ಕೊನೆಯ ಗದ್ದೆಗೆ ನೀರು ಯಾವಾಗ ಮುಟ್ಟಿತೆಂದೇ ಕೇಳಿದರು. ಅಂತೆಯೇ ಸುರಕ್ಷೆಯ ಗಡಿಯಾರವು ಎಚ್ಚರಿಕೆ ಬಂದಾಗ ಆರಂಭವಾಗಿ, ಅದು ಎಷ್ಟು ಕೈಗಳನ್ನು ದಾಟಿದರೂ, ಎಷ್ಟು ಖಂಡಗಳನ್ನು ದಾಟಿದರೂ, ಸೋಂಕಿದ ಯಂತ್ರವನ್ನು ಜಾಲದಿಂದ ಬೇರ್ಪಡಿಸಿದಾಗಲೇ ನಿಲ್ಲತಕ್ಕದ್ದು. ಇಂದು ವೈಟ್‌ಫೀಲ್ಡಿನಲ್ಲಿ, ಎಲೆಕ್ಟ್ರಾನಿಕ್ ಸಿಟಿಯಲ್ಲಿ ರಾತ್ರಿಯ ಪಾಳಿಯಲ್ಲಿ ಕುಳಿತು ದೂರದೇಶಗಳ ಸರ್ವರುಗಳನ್ನು ಕಾಯುವ ತರುಣ ತರುಣಿಯರಿಗೆ, ಪಾಳಿಯೊಂದಕ್ಕೆ ಇಷ್ಟು ಎಚ್ಚರಿಕೆಗಳನ್ನು ಇತ್ಯರ್ಥಪಡಿಸಬೇಕೆಂಬ ಗುರಿಯನ್ನು ಕೊಟ್ಟರೆ, ಅವರು ಒಂದೊಂದನ್ನೂ ಪರೀಕ್ಷಿಸಿ ನೋಡುವ ಬದಲು ಬೇಗ ಬೇಗ ಮುಚ್ಚುವುದನ್ನೇ ಕಲಿಯುತ್ತಾರೆ. ಆ ತಪ್ಪು ಅವರದಲ್ಲ. ಕೇಳಿದವರಿಗೆ ಕೇಳಿದ್ದು ದೊರಕಿತು, ಅಷ್ಟೆ.

ಗುರಿಯನ್ನು ಅಂಕಿಯಲ್ಲಿ ಹೇಳಿದ ಮಾತ್ರಕ್ಕೆ ಸಾಲದು ಎಂಬುದಕ್ಕೆ ಇದಕ್ಕಿಂತಲೂ ದಾರುಣವಾದ ನಿದರ್ಶನ ಇಕ್ವಿಫ್ಯಾಕ್ಸ್ ಸಂಸ್ಥೆಯದು. ಜನರ ಸಾಲದ ಚರಿತ್ರೆಯನ್ನು ಕ್ರೋಡೀಕರಿಸಿ ಮಾರುವ ಈ ಅಮೆರಿಕನ್ ಸಂಸ್ಥೆಯಲ್ಲಿ, ಅತಿ ಗಂಭೀರವಾದ ದೋಷಗಳಿಗೆ 48 ಗಂಟೆಗಳೊಳಗೆ ಪ್ಯಾಚ್, ಎಂದರೆ ತಿದ್ದುಪಡಿಯ ತೇಪೆ, ಹಾಕತಕ್ಕದ್ದೆಂಬ ಸ್ಪಷ್ಟವಾದ ನಿಯಮವಿತ್ತು. ಅಪಾಚೆ ಸ್ಟ್ರಟ್ಸ್ ಎಂಬ ತಂತ್ರಾಂಶದಲ್ಲಿನ ಭಯಂಕರ ದೋಷವೊಂದು 2017ರ ಮಾರ್ಚ್ 7ರಂದು ಪ್ರಕಟವಾಯಿತು. ಮರುದಿನ ಸರಕಾರದ ಎಚ್ಚರಿಕೆ ಬಂತು. ಅದರ ಮರುದಿನ, ಮಾರ್ಚ್ 9ರಂದು, ಸುರಕ್ಷಾ ವಿಭಾಗವು 400ಕ್ಕೂ ಹೆಚ್ಚು ಮಂದಿಗೆ ಇಮೇಲ್ ಕಳುಹಿಸಿ, ಈ ತಂತ್ರಾಂಶ ಯಾರ ವಶದಲ್ಲಿದೆಯೋ ಅವರು 48 ಗಂಟೆಗಳೊಳಗೆ ಅದನ್ನು ಸರಿಪಡಿಸಬೇಕೆಂದು ಆಜ್ಞಾಪಿಸಿತು. ನೋಡುವವರಿಗೆ ಇದರಲ್ಲಿ ಲೋಪವೇ ತೋರದು. ಆದರೆ ಗ್ರಾಹಕರ ತಕರಾರುಗಳನ್ನು ಸ್ವೀಕರಿಸುವ ಹಳೆಯ ಜಾಲತಾಣವೊಂದರಲ್ಲಿ ಆ ತಂತ್ರಾಂಶ ಇದೆಯೆಂದು ಬಲ್ಲ ನೌಕರನ ಹೆಸರು ಆ ಇಮೇಲಿನ ಪಟ್ಟಿಯಲ್ಲಿರಲಿಲ್ಲ. ಮಾರ್ಚ್ 15ರಂದು ನಡೆಸಿದ ಸ್ಕ್ಯಾನಿಗೆ ಅದು ಸಿಕ್ಕಲಿಲ್ಲ, ಏಕೆಂದರೆ ಹುಡುಕಬೇಕಾದ ಫೋಲ್ಡರಿನ ಒಳಗೆ ಸ್ಕ್ಯಾನರು ಇಳಿಯಲೇ ಇಲ್ಲ. ಯಾವ ಯಂತ್ರದಲ್ಲಿ ಯಾವ ತಂತ್ರಾಂಶವಿದೆಯೆಂಬ ಸಮಗ್ರ ಪಟ್ಟಿ ಸಂಸ್ಥೆಯಲ್ಲಿ ಯಾರ ಬಳಿಯೂ ಇರಲಿಲ್ಲ. ಮೇ 13ರಿಂದ ಮೊದಲ್ಗೊಂಡು 76 ದಿನಗಳ ಕಾಲ ಕಳ್ಳರು ಆ ದ್ವಾರದಿಂದ ಓಡಾಡಿದರು. ಹೊರಹೋಗುವ ದತ್ತಾಂಶವನ್ನು ತಪಾಸಣೆ ಮಾಡಬೇಕಾಗಿದ್ದ ಉಪಕರಣವು, ತನ್ನ ಡಿಜಿಟಲ್ ಪ್ರಮಾಣಪತ್ರದ ಅವಧಿ ಮುಗಿದು 19 ತಿಂಗಳಾಗಿದ್ದರಿಂದ, ಅಷ್ಟು ಕಾಲವೂ ಕುರುಡಾಗಿ ನಿಂತಿತ್ತು. ಜುಲೈ 29ರಂದು ಹೊಸ ಪ್ರಮಾಣಪತ್ರವನ್ನು ಹಾಕಿದೊಡನೆಯೇ ಶಂಕಾಸ್ಪದ ಸಂಚಾರ ಕಣ್ಣಿಗೆ ಬಿತ್ತು. ಸುಮಾರು 14.8 ಕೋಟಿ ಜನರ ವೈಯಕ್ತಿಕ ವಿವರಗಳು ಹೋದವು.

ಈ ಕಥೆಯಲ್ಲಿ ನನ್ನನ್ನು ಬಹುವಾಗಿ ಕಾಡುವ ಅಂಶ ಇನ್ನೊಂದಿದೆ. ದುರಂತಕ್ಕೆ ಎರಡು ವರ್ಷ ಮೊದಲು, 2015ರಲ್ಲಿ, ಆ ಸಂಸ್ಥೆಯದೇ ಆಂತರಿಕ ಆಡಿಟ್ ನಡೆದು, 8,500ಕ್ಕೂ ಮಿಕ್ಕಿದ ದೋಷಗಳು 90 ದಿನ ಕಳೆದರೂ ಸರಿಯಾಗದೆ ಉಳಿದಿವೆಯೆಂದೂ, ಪ್ಯಾಚ್ ಹಾಕಿದೆವೆಂದು ಹೇಳುವವರ ಮಾತನ್ನು ನಂಬುವುದರ ಹೊರತು ಬೇರೆ ಪರೀಕ್ಷೆಯೇ ಇಲ್ಲವೆಂದೂ ಬರೆದಿಟ್ಟಿತ್ತು. ಅಳತೆ ಆಗಿತ್ತು, ಉತ್ತರವೂ ಬಂದಿತ್ತು. ಹೀಗಿದ್ದೂ 2017ರ ಅಕ್ಟೋಬರಿನಲ್ಲಿ ಅಮೆರಿಕದ ಸಂಸತ್ತಿನ ಮುಂದೆ ಸಾಕ್ಷ್ಯ ನುಡಿದ ಸಂಸ್ಥೆಯ ಮಾಜಿ ಮುಖ್ಯಾಧಿಕಾರಿ, ತಂತ್ರಜ್ಞಾನ ವಿಭಾಗದ ಒಬ್ಬ ವ್ಯಕ್ತಿ ಪ್ಯಾಚಿನ ವಿಷಯವನ್ನು ಮುಂದಕ್ಕೆ ತಿಳಿಸದೆ ಹೋದದ್ದನ್ನು ಕಾರಣವಾಗಿ ಮುಂದೊಡ್ಡಿದರು. ಒಬ್ಬ ನೌಕರನ ಮರೆವಿನಿಂದ ಕೋಟ್ಯಂತರ ಜನರ ಗುಟ್ಟು ಬಯಲಾಗುವಂತಿದ್ದರೆ, ಆ ಮರೆವು ಎರಡನೆಯ ದಿನವೇ ಇನ್ನೊಬ್ಬರ ಕಣ್ಣಿಗೆ ಬೀಳುವಂತೆ ಏರ್ಪಾಡು ಮಾಡದಿದ್ದವರು ಯಾರು?

ಶೇಕಡಾವಾರು ಲೆಕ್ಕವೆಂಬುದು ಈ ಕ್ಷೇತ್ರದಲ್ಲಿ ಎಷ್ಟು ಮೋಸಗೊಳಿಸಬಲ್ಲದೆಂಬುದೂ ಇಲ್ಲಿ ವಿಶದವಾಗುತ್ತದೆ. ನೂರು ಸರ್ವರುಗಳ ಪೈಕಿ ತೊಂಬತ್ತೊಂಬತ್ತಕ್ಕೆ ಎರಡು ದಿನದೊಳಗೆ ಪ್ಯಾಚ್ ಬಿದ್ದರೆ ಗುರಿ ಶೇಕಡ 99ರಷ್ಟು ಸಾಧಿತವಾಯಿತೆಂದು ವರದಿ ಹೇಳುತ್ತದೆ. ಕಳ್ಳನಾದರೋ ಉಳಿದ ಒಂದನ್ನೇ ಹುಡುಕಿಕೊಂಡು ಬರುತ್ತಾನೆ. ಆದುದರಿಂದ ಶೇಕಡಾವಾರಿನ ಪಕ್ಕದಲ್ಲಿ, ಇನ್ನೂ ಮುಚ್ಚದೆ ಉಳಿದಿರುವ ಅತ್ಯಂತ ಹಳೆಯ ದೋಷಕ್ಕೆ ಎಷ್ಟು ದಿನವಾಯಿತೆಂಬ ಅಂಕಿಯೂ ಇರಬೇಕು. ಅದಕ್ಕಿಂತ ಮೊದಲು, ಆ ನೂರು ಎಂಬ ಸಂಖ್ಯೆಯೇ ನಿಜವೋ ಎಂಬುದು ಗೊತ್ತಾಗಬೇಕು. ಯಾವನೋ ಎಂಜಿನಿಯರು ಹಿಂದೆಂದೋ ಪರೀಕ್ಷೆಗಾಗಿ ಚಾಲೂ ಮಾಡಿ ಮರೆತುಹೋದ ಸರ್ವರು, ನೌಕರಿ ಬಿಟ್ಟು ಹೋದವನ ಹೆಸರಿನಲ್ಲಿ ಇನ್ನೂ ಜೀವಂತವಾಗಿರುವ ಲಾಗಿನ್, ಇವು ಯಾವ ಪಟ್ಟಿಗೂ ಸೇರಿರುವುದಿಲ್ಲವಾಗಿ ಯಾವ ಶೇಕಡಾವಾರಿನಲ್ಲಿಯೂ ಕಾಣಿಸಿಕೊಳ್ಳುವುದಿಲ್ಲ.

ಸುರಕ್ಷೆಯೆಂಬುದು ಅನರ್ಥವೊಂದು ನಡೆಯದಿರುವ ಸ್ಥಿತಿಯಾದ್ದರಿಂದ ನಡೆಯದ್ದನ್ನು ಅಳೆಯುವುದು ಹೇಗೆಂದು ಆಕ್ಷೇಪಿಸುವವರುಂಟು. ಅವರಲ್ಲಿ ಈ ಕೆಲಸವನ್ನು ಬಹುಕಾಲ ಮಾಡಿ ನುರಿತವರೂ ಇದ್ದಾರೆ. ಅವರ ಮಾತಿನಲ್ಲಿ ಸತ್ಯಾಂಶವಿದೆ. ಆಕ್ರಮಣ ಮಾಡುವುದು ಅಥವಾ ಬಿಡುವುದು ಶತ್ರುವಿನ ಇಚ್ಛೆಗೆ ಸೇರಿದ್ದು; ಈ ವರ್ಷ ಒಂದು ಕಳವೂ ಆಗಕೂಡದೆಂಬ ಗುರಿಯನ್ನು ತಂಡಕ್ಕೆ ಕೊಡುವುದು ಅನ್ಯಾಯ; ಅದು ಕಳವಾದರೂ ಮುಚ್ಚಿಡಿರಿ ಎಂಬ ಉಪದೇಶಕ್ಕೆ ಸಮಾನವಾದೀತು. ಆದರೆ ದೋಷ ಪ್ರಕಟವಾದ ದಿನಕ್ಕೂ ಅದನ್ನು ಮುಚ್ಚಿದ ದಿನಕ್ಕೂ ಇರುವ ಅಂತರ, ನೌಕರನು ಕೆಲಸ ಬಿಟ್ಟ ಗಳಿಗೆಗೂ ಅವನ ಲಾಗಿನ್ ರದ್ದಾದ ಗಳಿಗೆಗೂ ಇರುವ ಅಂತರ, ಬ್ಯಾಕಪ್ಪಿನಿಂದ ಒಂದು ಇಡೀ ವ್ಯವಸ್ಥೆಯನ್ನು ಪುನಃ ಕಟ್ಟಿ ನಿಲ್ಲಿಸಲು ಹಿಡಿದ ಗಂಟೆಗಳು, ಇವು ನಮ್ಮ ಸ್ವಾಧೀನದಲ್ಲಿರತಕ್ಕವು. ಇವನ್ನು ಅಳೆಯಬಹುದು, ಅಳೆಯುವ ಕೆಲಸ ಮಾತ್ರ ದೋಷವನ್ನು ಮುಚ್ಚಿದವರದಾಗಿರದೆ ಬೇರೆಯವರದಾಗಿರಬೇಕು.

ಅಳತೆಯ ಬೆನ್ನಿಗೆ ಅಧಿಕಾರ ಇಲ್ಲದಿದ್ದರೆ ಏನಾಗುವುದೆಂಬುದನ್ನು ಇಂಗ್ಲೆಂಡಿನ ಸಾರ್ವಜನಿಕ ಆಸ್ಪತ್ರೆಗಳು 2017ರ ಮೇ 12ರಂದು ಕಂಡವು. ವಾನಾಕ್ರೈ ಎಂಬ ಗಣಕ ಪಿಡುಗು ಹಬ್ಬುವುದಕ್ಕೆ ಸುಮಾರು ಎರಡು ತಿಂಗಳ ಹಿಂದೆಯೇ, ಮಾರ್ಚ್ 14ರಂದು, ಮೈಕ್ರೋಸಾಫ್ಟ್ ಅದಕ್ಕೆ ಪ್ಯಾಚ್ ಕೊಟ್ಟಿತ್ತು. ಆಕ್ರಮಣಕ್ಕೆ ಮುಂಚೆ ಅಲ್ಲಿನ 236 ಆಸ್ಪತ್ರೆ ಟ್ರಸ್ಟುಗಳ ಪೈಕಿ 88ರಲ್ಲಿ ಸ್ಥಳಪರೀಕ್ಷೆ ನಡೆದು, ಒಂದೂ ತೇರ್ಗಡೆಯಾಗಿರಲಿಲ್ಲ. ಪರೀಕ್ಷಿಸಿದ ಸಂಸ್ಥೆಗೆ ಸರಿಪಡಿಸಿರೆಂದು ಕಡ್ಡಾಯ ಮಾಡುವ ಅಧಿಕಾರವಿರಲಿಲ್ಲ.

ನಮ್ಮ ದೇಶದ ವಿಚಾರಕ್ಕೆ ಬರೋಣ. 2022ರ ಏಪ್ರಿಲ್ 28ರಂದು ಕೇಂದ್ರ ಸರಕಾರದ ಸೈಬರ್ ತುರ್ತು ಸ್ಪಂದನಾ ಸಂಸ್ಥೆಯಾದ ಸರ್ಟ್-ಇನ್ ಹೊರಡಿಸಿದ ನಿರ್ದೇಶನದಂತೆ, ಸೈಬರ್ ಘಟನೆಯೊಂದು ಗಮನಕ್ಕೆ ಬಂದ 6 ಗಂಟೆಗಳೊಳಗೆ ವರದಿ ಮಾಡುವುದೂ, 180 ದಿನಗಳ ಲಾಗುಗಳನ್ನು ಕಾದಿಡುವುದೂ, ಯಂತ್ರಗಳ ಗಡಿಯಾರಗಳನ್ನು ಒಂದೇ ಕಾಲಮಾನಕ್ಕೆ ಹೊಂದಿಸುವುದೂ ಕಡ್ಡಾಯ. ಈ ಕಡೆಯ ಅಂಶ ಅಲ್ಪವೆಂದು ತೋರಬಹುದು. ಆದರೆ ಗಡಿಯಾರಗಳೇ ಹೊಂದದ ಕಡೆ ಯಾವ ಅಂತರವನ್ನು ತಾನೇ ಅಳೆಯಲಾದೀತು? ನಿರ್ದೇಶನ ಸ್ವಾಗತಾರ್ಹವೇ. ಆದರೆ ಅದರ ಆರು ಗಂಟೆಗಳು ಗಮನಕ್ಕೆ ಬಂದ ಮೇಲೆ ಆರಂಭವಾಗುತ್ತವೆ. ಗಮನಕ್ಕೇ ಬಾರದವನು ಆ ನಿಯಮವನ್ನು ಎಂದೂ ಮುರಿದಂತಾಗುವುದಿಲ್ಲ. ಆದ್ದರಿಂದ ಕಾನೂನು ಕೇಳದ ಆ ಮೊದಲಿನ ಭಾಗವನ್ನು, ಎಂದರೆ ನುಸುಳಿದ ಗಳಿಗೆಯಿಂದ ಗಮನಿಸಿದ ಗಳಿಗೆಯವರೆಗಿನದನ್ನು, ಸಂಸ್ಥೆ ತಾನಾಗಿಯೇ ತನ್ನ ಗುರಿಯೊಳಗೆ ಸೇರಿಸಿಕೊಳ್ಳಬೇಕಾಗಿದೆ. ಇದನ್ನು ಕಂಡುಕೊಳ್ಳಲು ನಿಜವಾದ ಕಳ್ಳನಿಗಾಗಿ ಕಾಯಬೇಕಾಗಿಲ್ಲ. ನಂಬಿಕೆಯ ಪರಿಣತರನ್ನು ಕರೆಸಿ, ಕಾವಲಿನವರಿಗೆ ಮುಂಚಿತವಾಗಿ ತಿಳಿಸದೆ ಒಳನುಗ್ಗಿಸಿ, ಎಷ್ಟು ಹೊತ್ತಿಗೆ ಸುಳಿವು ಸಿಕ್ಕಿತೆಂದು ನೋಡುವ ಪದ್ಧತಿ ಈ ವೃತ್ತಿಯಲ್ಲಿ ರೂಢಿಯಲ್ಲಿದೆ.

ಪುನಃಸ್ಥಾಪನೆಯ ವಿಷಯದಲ್ಲಿ ದೆಹಲಿಯ ಏಮ್ಸ್ ಆಸ್ಪತ್ರೆಯ ಅನುಭವವನ್ನು ಮರೆಯಲಾಗದು. 2022ರ ನವೆಂಬರ್ 23ರಂದು ಅದರ ಐದು ಸರ್ವರುಗಳಲ್ಲಿ ಸುಮಾರು 1.3 ಟೆರಾಬೈಟ್ ದತ್ತಾಂಶವನ್ನು ದುಷ್ಕರ್ಮಿಗಳು ಬೀಗಮುದ್ರೆಗೊಳಪಡಿಸಿದರು. ಜಾಲವನ್ನು ಸರಿಯಾಗಿ ವಿಭಾಗಿಸದಿದ್ದುದು ಕಾರಣವೆಂದು ಸರಕಾರ ಸಂಸತ್ತಿಗೆ ತಿಳಿಸಿತು. ಹೊರರೋಗಿಗಳ ನೋಂದಣಿ, ದಾಖಲಾತಿ, ಪ್ರಯೋಗಾಲಯದ ವರದಿ, ಬಿಲ್ಲು ಎಲ್ಲವೂ ಎಷ್ಟೋ ದಿನ ಕಾಗದ ಪೆನ್ನುಗಳಿಂದ ನಡೆದವು. ಬ್ಯಾಕಪ್ ಇದೆಯೇ ಎಂಬ ಪ್ರಶ್ನೆಗೆ ಎಲ್ಲ ಸಂಸ್ಥೆಗಳೂ ಇದೆ ಎಂದೇ ಉತ್ತರಿಸುತ್ತವೆ. ಆ ಬ್ಯಾಕಪ್ಪಿನಿಂದ ಕಡೆಯ ಸಲ ವ್ಯವಸ್ಥೆಯನ್ನು ಎಬ್ಬಿಸಿ ನೋಡಿದ್ದು ಯಾವ ದಿನ, ಎಷ್ಟು ಗಂಟೆ ಹಿಡಿಯಿತು ಎಂದು ಕೇಳಿದರೆ ಉತ್ತರ ಹೇಳಬಲ್ಲವರು ವಿರಳ.

ಇನ್ನು ಮನುಷ್ಯರ ಮಾತು. ನೌಕರರನ್ನು ಪರೀಕ್ಷಿಸಲು ಸಂಸ್ಥೆಗಳು ನಕಲಿ ಫಿಶಿಂಗ್ ಇಮೇಲುಗಳನ್ನು ಕಳುಹಿಸಿ, ಎಷ್ಟು ಮಂದಿ ಲಿಂಕನ್ನು ಒತ್ತಿದರೆಂದು ಎಣಿಸಿ, ಒತ್ತಿದವರ ಹೆಸರನ್ನು ಅವರ ಮೇಲಧಿಕಾರಿಗೆ ಕಳುಹಿಸುವುದುಂಟು. ಇದರ ಫಲವಾಗಿ, ನಿಜವಾದ ಮೋಸದ ಇಮೇಲನ್ನು ಒತ್ತಿದ ಗುಮಾಸ್ತೆ ಹೆದರಿ ಬಾಯಿ ಬಿಡದೆ ಕೂರುತ್ತಾಳೆ. ಎಷ್ಟು ಮಂದಿ ಒತ್ತಿದರೆಂಬುದನ್ನು ನಾನು ಎಣಿಸುವುದಿಲ್ಲ. ಮೊದಲನೆಯವರು ಎಷ್ಟು ನಿಮಿಷದಲ್ಲಿ ಫೋನೆತ್ತಿ, ‘ಸಾರ್, ಒಂದು ಇಮೇಲ್ ಬಂದಿದೆ, ಒತ್ತಿಬಿಟ್ಟೆ, ಯಾಕೋ ಅನುಮಾನ’ ಎಂದು ತಿಳಿಸಿದರೆಂಬುದನ್ನು ಎಣಿಸುತ್ತೇನೆ. ತಿಳಿಸಿದವರಿಗೆ ಕೃತಜ್ಞತೆ ಸಲ್ಲಬೇಕು. ಕೆಂಪು ಚೌಕವನ್ನು ಕೆಂಪಾಗಿಯೇ ತಂದು ತೋರಿಸಿದ ಸುರಕ್ಷಾಧಿಕಾರಿಗೂ ಅಷ್ಟೆ. ಅವನನ್ನು ಗದರಿಸಿದ ಸಭೆಗೆ ಮುಂದಿನ ತಿಂಗಳಿಂದ ಹಸಿರಲ್ಲದೆ ಬೇರೆ ಬಣ್ಣ ಕಾಣಸಿಗದು.

ನಮ್ಮ ರಾಜ್ಯ ಸರಕಾರ 2024ರಲ್ಲಿ ತನ್ನ ಸೈಬರ್ ಭದ್ರತಾ ನೀತಿಯನ್ನು ಪ್ರಕಟಿಸಿದೆ. ರೈತರ ಪಹಣಿ ಇರುವ ಭೂಮಿ, ಆಸ್ತಿಯ ನೋಂದಣಿ ನಡೆಯುವ ಕಾವೇರಿ, ಸರಕಾರದ ಹಣ ಹರಿಯುವ ಖಜಾನೆ, ಈ ಗಣಕವ್ಯವಸ್ಥೆಗಳೆಲ್ಲ ಇಂದು ಸರ್ವರುಗಳಲ್ಲಿವೆ. ಪ್ರತಿಯೊಂದು ಇಲಾಖೆಯೂ ತನ್ನ ವಾರ್ಷಿಕ ವರದಿಯಲ್ಲಿ, ಕಳ್ಳರಿಗೆ ದಾರಿ ತೋರುವಂಥ ವಿವರಗಳನ್ನು ಬಿಟ್ಟು, ಅತಿ ಗಂಭೀರ ದೋಷಗಳನ್ನು ಮುಚ್ಚಲು ಹಿಡಿದ ಅತಿ ದೀರ್ಘ ಕಾಲವನ್ನೂ, ಅಣಕು ಆಕ್ರಮಣವನ್ನು ಗುರುತಿಸಲು ಹಿಡಿದ ಕಾಲವನ್ನೂ, ಬ್ಯಾಕಪ್ಪಿನಿಂದ ಸೇವೆಯನ್ನು ಮರಳಿ ಆರಂಭಿಸಲು ಹಿಡಿದ ಕಾಲವನ್ನೂ ಗಂಟೆಗಳಲ್ಲಿ ನಮೂದಿಸಿ ವಿಧಾನಮಂಡಲದ ಮುಂದಿಡಲಿ. ಆ ಅಂಕಿಗಳನ್ನು ಇಲಾಖೆಗೆ ಸೇರದ ಲೆಕ್ಕಪರಿಶೋಧಕರು ಪರೀಕ್ಷಿಸಿ ಸಹಿ ಹಾಕಲಿ. ಗುರಿ ತಪ್ಪಿದ ಇಲಾಖೆಗೆ ಆ ವರ್ಷದ ಆಯವ್ಯಯದಲ್ಲಿ ಅದನ್ನು ಸರಿಪಡಿಸಲು ಬೇಕಾದ ಹಣವೂ ಸಿಬ್ಬಂದಿಯೂ ಮೊದಲು ದೊರೆಯಲಿ.